ಮೊದಲು ಅಳತೆ, ಆಮೇಲೆ ಸುತ್ತಿಗೆ

ಹಳೆಯ ಕಾರಿನ ಉಕ್ಕಿನ ಚಕ್ರ ಸೊಟ್ಟಗಾದರೆ ಗುಜರಿಗೆ ಹಾಕಬೇಕಾಗಿಲ್ಲ. ಆದರೆ ಕಾಯಿಲೆ ಯಾವುದೆಂದು ತಿಳಿಯದೆ ಮದ್ದು ಮಾಡಿದರೆ ಚಕ್ರವೂ ಉಳಿಯುವುದಿಲ್ಲ, ನೆಮ್ಮದಿಯೂ ಉಳಿಯುವುದಿಲ್ಲ.

ಆಷಾಢದ ಜಿಟಿಜಿಟಿ ಮಳೆ. ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಹೊರಟಿದ್ದೆವು. ರಸ್ತೆಯ ತುಂಬ ಕೆಂಪು ನೀರು ನಿಂತು, ಎಲ್ಲಿ ನೆಲ, ಎಲ್ಲಿ ಗುಂಡಿ ಎಂಬುದೇ ಕಾಣುತ್ತಿರಲಿಲ್ಲ. ಮುಂದಿನ ಎಡಗಡೆ ಚಕ್ರ ಒಂದು ಗುಂಡಿಗೆ ದಡಕ್ಕನೆ ಇಳಿದು ಎದ್ದಿತು. ಟೈರು ಒಡೆಯಲಿಲ್ಲ, ಗಾಳಿ ಇಳಿಯಲಿಲ್ಲ, ವೀಲ್ ಕಪ್ ಕೂಡ ಹಾರಲಿಲ್ಲ. ಬಚಾವಾದೆವು ಅಂದುಕೊಂಡು ಮುಂದೆ ಸಾಗಿದರೆ, ವೇಗ 65 ದಾಟುತ್ತಿದ್ದ ಹಾಗೆ ಸ್ಟೇರಿಂಗ್ ಅಂಗೈಯೊಳಗೆ ನಡುಗತೊಡಗಿತು. 75ಕ್ಕೆ ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದ ಕನ್ನಡಕ ಜಾರಿ ಕೆಳಗೆ ಬಿತ್ತು.

ಅದು ಅಪ್ಪ 1984ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100 ನಮ್ಮಲ್ಲಿ ತಾಳಿದ ರೂಪ. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಕಾರು. ಹೆಸರು ಬರೆಸಿ ಕಾದು ಪಡೆಯಬೇಕಾಗಿದ್ದ ಕಾಲದ್ದು. ಅಪ್ಪನಿಗೆ ಅದರ ಮೇಲಿದ್ದ ಅಕ್ಕರೆ ಈಗ ನನಗೆ ಬಂದಿದೆ. ಹಾಗಾಗಿ ಮರುದಿನವೇ ಮೈಸೂರಿನ ಒಂದು ಟೈರ್ ಅಂಗಡಿಗೆ ಹೋದೆ. ‘ಬ್ಯಾಲೆನ್ಸಿಂಗ್ ಔಟ್ ಆಗಿದೆ’ ಅಂದರು. ಒಂದೇ ಚಕ್ರಕ್ಕೆ 90 ಗ್ರಾಂ ಸೀಸ ಬಡಿದು ಕಳಿಸಿದರು. ನಡುಕ ಒಂದಿಷ್ಟು ತಗ್ಗಿತು, ಹೋಗಲಿಲ್ಲ. ಇನ್ನೊಂದು ಕಡೆ ಅಲೈನ್‌ಮೆಂಟ್ ಮಾಡಿದರು. ಮೂರನೆಯ ಕಡೆ ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ನಾಲ್ಕು ಏಟು ಹಾಕಿದರೆ ನೆಟ್ಟಗಾಗುತ್ತದೆ ಅಂದರು. ಅಲ್ಲಿಂದ ಕಾರು ವಾಪಸ್ ತಂದೆ. ಮನೆಗೆ ಬಂದು ಕೂತಾಗ ಹೊಳೆದದ್ದು ಒಂದೇ ಮಾತು: ಮೂರು ಅಂಗಡಿಯಲ್ಲೂ ಯಾರೊಬ್ಬರೂ ಆ ಚಕ್ರವನ್ನು ಅಳೆದು ನೋಡಿರಲಿಲ್ಲ.

ಕೊನೆಗೆ ಅದನ್ನು ಅಳೆದವರು ಹಳೆಯ ಫಿಯಟ್‌ಗಳನ್ನೇ ನೋಡಿಕೊಂಡು ಬಂದ ಒಬ್ಬ ವಯಸ್ಸಾದ ಮೇಸ್ತ್ರಿ. ಅವರ ಬಳಿ ಎರಡು ದಿನ ಕೂತು ನೋಡಿದ್ದು, ಆಮೇಲೆ ಓದಿ ಲೆಕ್ಕ ಹಾಕಿ ತಿಳಿದದ್ದು ಈ ಬರಹ.

ದಿಕ್ಕು, ತೂಕ, ಆಕಾರ

ನಮ್ಮಲ್ಲಿ ‘ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್’ ಎಂಬುದು ಒಂದೇ ಪದದ ಹಾಗೆ ಬಾಯಿಗೆ ಬರುತ್ತದೆ. ನಿಜಕ್ಕೂ ಅವು ಬೇರೆ ಬೇರೆ ಕೆಲಸ. ಅವುಗಳ ಜೊತೆ ಯಾರೂ ಹೆಸರೆತ್ತದ ಮೂರನೆಯದೂ ಒಂದಿದೆ.

ಅಲೈನ್‌ಮೆಂಟ್ ಎಂದರೆ ದಿಕ್ಕು. ಚಕ್ರಗಳು ಯಾವ ಕಡೆಗೆ ಮುಖ ಮಾಡಿವೆ, ಎಷ್ಟು ವಾಲಿವೆ ಎಂಬುದರ ಹೊಂದಾಣಿಕೆ. ಅದು ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಸಾಮಾನ್ಯವಾಗಿ ಕಾರು ನಡುಗುವುದಿಲ್ಲ. ಬ್ಯಾಲೆನ್ಸಿಂಗ್ ಎಂದರೆ ತೂಕ. ಚಕ್ರದ ಸುತ್ತ ಭಾರ ಸಮನಾಗಿ ಹಂಚಿದೆಯೇ ಎಂಬ ಪ್ರಶ್ನೆ. ಮೂರನೆಯದು ಆಕಾರ: ಚಕ್ರ ಗುಂಡಗಿದೆಯೇ, ಚಪ್ಪಟೆಯಾಗಿ ನೇರ ತಿರುಗುತ್ತಿದೆಯೇ?

ಆಕಾರ ಕೆಡುವುದರಲ್ಲೂ ಎರಡು ಬಗೆ. ತಿರುಗುವಾಗ ರಿಮ್ಮು ಮೇಲೆ ಕೆಳಗೆ ಆಗುತ್ತಿದ್ದರೆ ಅದು ಮೊಟ್ಟೆಯ ದೋಷ, ಚಕ್ರ ಗುಂಡಗಿಲ್ಲ. ಎಡ ಬಲಕ್ಕೆ ತೊನೆಯುತ್ತಿದ್ದರೆ ಅದು ಓಲಾಟದ ದೋಷ. ಗುಂಡಿಗೆ ಬಿದ್ದ ಚಕ್ರದಲ್ಲಿ ಹೆಚ್ಚಾಗಿ ಎರಡೂ ಬೆರೆತಿರುತ್ತವೆ.

ಮುಖ್ಯವಾದ ಮಾತು ಇದು: ಆಕಾರದ ದೋಷವನ್ನು ತೂಕದಿಂದ ತಿದ್ದಲು ಬರುವುದಿಲ್ಲ. ಕಲ್ಲಂಗಡಿ ಹಣ್ಣಿಗೆ ಎಲ್ಲಿ ಬೇಕಾದರೂ ಸೀಸ ಅಂಟಿಸಿ, ಮಷೀನಿನ ಮೇಲೆ ಸೊನ್ನೆ ತೋರಿಸಬಹುದು. ನೆಲದ ಮೇಲೆ ಉರುಳಿಸಿದರೆ ಅದು ಉಬ್ಬಿದ ಕಡೆ ಎದ್ದು, ತಗ್ಗಿದ ಕಡೆ ಇಳಿದೇ ಇಳಿಯುತ್ತದೆ. ನನ್ನ ಪದ್ಮಿನಿಗೆ 90 ಗ್ರಾಂ ಬಡಿದಾಗ ಆದದ್ದು ಇದೇ.

30 ಗ್ರಾಂ ಮತ್ತು ಒಂದು ಮಿಲಿಮೀಟರ್

ಇಷ್ಟು ಸಣ್ಣ ಭಾರಕ್ಕೆ ಇಷ್ಟು ದೊಡ್ಡ ಕಾರು ನಡುಗುವುದೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ.

ಪದ್ಮಿನಿಯದು 14 ಇಂಚಿನ ರಿಮ್ಮು, ಅದಕ್ಕೆ 5.20-14 ಅಳತೆಯ ಟೈರು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಈ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ 30 ಗ್ರಾಂ ಹೆಚ್ಚಾಗಿದ್ದರೆ, ಆ ವೇಗದಲ್ಲಿ ಅದು ಚಕ್ರವನ್ನು ಹೊರಕ್ಕೆ ಎಳೆಯುವ ಬಲ ಸುಮಾರು 3 ಕಿಲೋ ಭಾರಕ್ಕೆ ಸಮ. ಆ ಎಳೆತ ಒಮ್ಮೆ ಮೇಲಕ್ಕೆ, ಒಮ್ಮೆ ಮುಂದಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಹಿಂದಕ್ಕೆ. ಸೆಕೆಂಡಿಗೆ 12 ಬಾರಿ. ವೇಗ ಅರ್ಧಕ್ಕಿಳಿದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಪೇಟೆಯೊಳಗೆ 40ರ ವೇಗದಲ್ಲಿ ಓಡಿಸುವಾಗ ತೂಕದ ದೋಷ ಗೊತ್ತೇ ಆಗುವುದಿಲ್ಲ.

ಇನ್ನು ಆಕಾರದ ಲೆಕ್ಕ. ಗಾಳಿ ತುಂಬಿ ಕಾರಿನ ಭಾರ ಹೊತ್ತು ನಿಂತ ಟೈರನ್ನು ಇನ್ನೊಂದು ಮಿಲಿಮೀಟರ್ ಅದುಮಲು ಸುಮಾರು 15 ಕಿಲೋ ಭಾರ ಬೇಕು. ಅಂದರೆ ಟೈರು ಕೂರುವ ಜಾಗವೇ ಒಂದು ಮಿಲಿಮೀಟರ್ ಎತ್ತರ ತಗ್ಗಾಗಿದ್ದರೆ, ಪ್ರತಿ ಸುತ್ತಿಗೂ ಅಚ್ಚಿನ ಮೇಲೆ ಅಷ್ಟು ಬಲದ ಏರಿಳಿತ. 30 ಗ್ರಾಂ ತೂಕದೋಷದ ಮುಂದೆ ಇದು ಎಷ್ಟು ದೊಡ್ಡದು ನೋಡಿ. ಜೊತೆಗೆ ಈ ಏರಿಳಿತ ಹುಟ್ಟಲು ವೇಗ ಬೇಕಿಲ್ಲ. ನಿಧಾನಕ್ಕೆ ಹೋಗುವಾಗಲೂ ಅದು ಇರುತ್ತದೆ. 20, 30ರ ವೇಗದಲ್ಲೇ ಕಾರು ಬಾತುಕೋಳಿಯ ಹಾಗೆ ತೊನೆಯುತ್ತಿದ್ದರೆ ತೂಕವನ್ನಲ್ಲ, ಆಕಾರವನ್ನು ಅನುಮಾನಿಸಬೇಕು.

70ರಿಂದ 90ರ ನಡುವೆ ನಡುಕ ಜೋರಾಗಿ, ಅದನ್ನು ದಾಟಿದರೆ ಕಡಿಮೆಯಾಗುವುದಕ್ಕೂ ಕಾರಣವಿದೆ. ಸ್ಪ್ರಿಂಗಿಗೂ ಟೈರಿಗೂ ನಡುವೆ ಸಿಕ್ಕಿಕೊಂಡ ಚಕ್ರ, ಹಬ್, ಡ್ರಮ್ಮುಗಳ ಭಾರಕ್ಕೆ ತನ್ನದೇ ಒಂದು ಅದುರುವ ಲಯವಿದೆ. ಸೆಕೆಂಡಿಗೆ 10ರಿಂದ 15 ಬಾರಿ. ಚಕ್ರದ ಸುತ್ತುಗಳು ಆ ಲಯಕ್ಕೆ ತಾಳ ಕೂಡಿದಾಗ ಸಣ್ಣ ದೋಷವೂ ದೊಡ್ಡದಾಗುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಬೆರಳಿನಿಂದ ತಳ್ಳಿದರೂ ಅದು ಏರುತ್ತಲೇ ಹೋಗುವ ಹಾಗೆ.

ಎರಡು ತುಂಡಿನ ಚಕ್ರ

ತಿದ್ದುವ ಮಾತಿಗೆ ಮುನ್ನ ಚಕ್ರ ಹೇಗಾಗಿದೆ ಎಂದು ತಿಳಿದಿರಬೇಕು. ಉಕ್ಕಿನ ಚಕ್ರ ಒಂದೇ ತುಂಡಿನದಲ್ಲ. ಹೊರಗಿನ ಬಳೆಯೇ ರಿಮ್ಮು: ಉಕ್ಕಿನ ಪಟ್ಟಿಯನ್ನು ಬಳಸಿ, ತುದಿಗಳನ್ನು ಬೆಸೆದು, ರೋಲರುಗಳ ನಡುವೆ ಉರುಳಿಸಿ ಅಂಚು ಎಬ್ಬಿಸಿದ್ದು. ನಡುವಿನ ತಟ್ಟೆಯೇ ಡಿಸ್ಕು: ದಪ್ಪ ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ಮಾಡಿದ್ದು. ಎರಡನ್ನೂ ಬೆಸುಗೆಯಿಂದಲೋ, ಹಳೆಯದಾದರೆ ರಿವಿಟ್ಟಿನಿಂದಲೋ ಸೇರಿಸಿರುತ್ತಾರೆ. ರಿಮ್ಮಿನ ನಡುವೆ ಇರುವ ಕಾಲುವೆಯಂಥ ತಗ್ಗು ಟೈರು ಹಾಕಲು, ತೆಗೆಯಲು ಬೇಕು. ಟೈರಿನ ಒಂದು ಬದಿಯನ್ನು ಆ ತಗ್ಗಿಗೆ ಇಳಿಸಿದರೆ ಮಾತ್ರ ಇನ್ನೊಂದು ಬದಿ ಅಂಚು ದಾಟಿ ಬರುತ್ತದೆ. ತಗ್ಗಿನ ಎರಡೂ ಕಡೆ ಇರುವ ಕಿರಿದಾದ ಪಟ್ಟಿಯ ಮೇಲೆ ಟೈರಿನ ಬೀಡು ಕೂರುತ್ತದೆ. ಚಕ್ರ ಗುಂಡಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಈ ಪಟ್ಟಿ. ಹೊರಗೆ ಕಾಣುವ ತುಟಿಯ ಅಂಚು ಜಜ್ಜಿ ಹೋಗಿದ್ದರೂ ಪಟ್ಟಿ ಸರಿಯಿದ್ದರೆ ಕಾರು ಸುಗಮವಾಗಿ ಓಡುತ್ತದೆ.

ಗುಂಡಿಯ ಏಟು ಹೆಚ್ಚಾಗಿ ತಿನ್ನುವುದು ರಿಮ್ಮಿನ ಒಳಬದಿಯ ಅಂಚು, ಕಾರಿನ ಹೊಟ್ಟೆಯ ಕಡೆಗಿರುವುದು. ಡಿಸ್ಕು ಹೊರಬದಿಗೆ ಹತ್ತಿರವಿರುವುದರಿಂದ ಆ ಅಂಚಿಗೆ ಆಸರೆ ಇದೆ, ಒಳ ಅಂಚಿಗೆ ಇಲ್ಲ. ಕಾರಿನ ಪಕ್ಕ ನಿಂತು ನೋಡಿದರೆ ಏನೂ ಕಾಣದಿರಲು ಇದೇ ಕಾರಣ. ನನ್ನ ಚಕ್ರದ ಪೆಟ್ಟು ಕೂಡ ಅಲ್ಲೇ ಅವಿತಿತ್ತು.

ಎರಡನೇ ಮಹಾಯುದ್ಧದ ನಂತರದ ಕಾರುಗಳಿಗೆ ಉಕ್ಕಿನ ತಟ್ಟೆಚಕ್ರವೇ ಸಾಮಾನ್ಯವಾಯಿತು. ಮಾರಿಸ್ ಆಕ್ಸ್‌ಫರ್ಡ್ ವಂಶದ ಅಂಬಾಸಿಡರ್ 2014ರಲ್ಲಿ ತಯಾರಿಕೆ ನಿಲ್ಲುವ ತನಕ ಉಕ್ಕಿನ ಚಕ್ರದ ಮೇಲೆಯೇ ಓಡಿತು. ಈ ಲೋಹದ ದೊಡ್ಡ ಗುಣ ಅದರ ತಾಳ್ಮೆ. ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರ ಜೋರಾದ ಪೆಟ್ಟಿಗೆ ಸೀಳುವುದುಂಟು. ಮೆದು ಉಕ್ಕು ಮೊದಲು ಬಾಗುತ್ತದೆ. ಬಾಗಿದ್ದನ್ನು ಮತ್ತೆ ನೆಟ್ಟಗೆ ಮಾಡಲು ಸಾಧ್ಯವಾಗುವುದು ಇದೇ ಗುಣದಿಂದ.

ಚಕ್ರವನ್ನು ದೂರುವ ಮುನ್ನ

ಮೇಸ್ತ್ರಿ ಮೊದಲು ಚಕ್ರ ಬಿಚ್ಚಲಿಲ್ಲ. ಜಾಕಿ ಏರಿಸಿ, ಸ್ಟ್ಯಾಂಡು ಕೊಟ್ಟು, ಚಕ್ರದ ಮೇಲೆ ಕೆಳಗೆ ಕೈಯಿಟ್ಟು ಅಲುಗಿಸಿದರು. ಆಟ ಇದ್ದರೆ ವೀಲ್ ಬೇರಿಂಗು ಸಡಿಲವಾಗಿರಬೇಕು, ಇಲ್ಲವೇ ಕಿಂಗ್ ಪಿನ್ ಸವೆದಿರಬೇಕು. ಗ್ರೀಸು ಕಾಣದ ಹಳೆಯ ಫಿಯಟ್‌ಗಳಲ್ಲಿ ಕಿಂಗ್ ಪಿನ್ ಸವೆತ ಹೊಸದಲ್ಲ. ಬುಡ ಸಡಿಲವಿದ್ದರೆ ಎಂಥ ಒಳ್ಳೆಯ ಚಕ್ರವೂ ನಡುಗುತ್ತದೆ. ನನ್ನ ಕಾರಿನಲ್ಲಿ ಆಟ ಇರಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಗಳು ವೈದ್ಯರು ಕೇಳುವಂಥವು. ನಡುಕ ಕೈಗೆ ಬರುತ್ತದೋ, ಸೀಟಿಗೆ ಬರುತ್ತದೋ? ಕೈಗೆ ಬಂದರೆ ಮುಂದಿನ ಚಕ್ರ, ಸೀಟಿಗೆ ಬಂದರೆ ಹಿಂದಿನದು ಎಂಬುದು ಅವರ ಮೊದಲ ಊಹೆ. ಬ್ರೇಕ್ ಒತ್ತಿದಾಗ ಮಾತ್ರವೋ? ಹಾಗಿದ್ದರೆ ಡ್ರಮ್ಮು ಗುಂಡು ತಪ್ಪಿರಬಹುದು. ಬೆಳಿಗ್ಗೆ ಹೊರಟಾಗ ಇದ್ದು ಐದಾರು ಕಿಲೋಮೀಟರ್ ಆದ ಮೇಲೆ ಹೋಗುತ್ತದೋ? ಹೋದರೆ ಅದು ಟೈರಿನ ಕಥೆ. ನೈಲಾನ್ ದಾರದ ಟೈರುಗಳು ಬಹಳ ಹೊತ್ತು ನಿಂತಲ್ಲೇ ನಿಂತರೆ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ. ಓಡಿ ಬಿಸಿಯಾದ ಮೇಲೆ ಮತ್ತೆ ಗುಂಡಗಾಗುತ್ತದೆ. ವಾರಕ್ಕೊಮ್ಮೆ ಹೊರಬರುವ ಹಳೆಯ ಕಾರುಗಳಲ್ಲಿ ಇದು ದಿನನಿತ್ಯದ ಮಾತು. ತಿಂಗಳುಗಟ್ಟಲೆ ನಿಂತದ್ದಾದರೆ ಆ ಚಪ್ಪಟೆ ಉಳಿದೇಬಿಡಬಹುದು. ಟೈರಿನ ಪಕ್ಕದ ನಾಲ್ಕಂಕಿಯ ಗುರುತನ್ನೂ ನೋಡಬೇಕು. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಮೇಲ್ಮೈ ಸವೆಯದಿದ್ದರೂ ಒಳಗಿನ ದಾರ ಮುಪ್ಪಾಗಿ ಟೈರು ಉಬ್ಬಿರಬಹುದು.

ಅಗ್ಗದ, ಖಚಿತವಾದ ಪರೀಕ್ಷೆ ಇನ್ನೊಂದಿದೆ: ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನು ಅನುಮಾನದ ಚಕ್ರದ ಜಾಗಕ್ಕೆ ಹಾಕಿ ಓಡಿಸುವುದು. ನಡುಕ ಹೋದರೆ ಕಳ್ಳ ಸಿಕ್ಕಿದ. ಅಂದ ಹಾಗೆ ಸ್ಟೆಪ್ನಿ ಎಂಬ ಮಾತೇ ಒಂದು ಬೀದಿಯ ಹೆಸರು. ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಹೊರತಂದ ಬದಲಿ ಚಕ್ರ ಅದು. ಕಾರುಗಳು ಹೆಚ್ಚುವರಿ ಚಕ್ರವಿಲ್ಲದೆ ಓಡುತ್ತಿದ್ದ ಕಾಲ. ಆ ಕಂಪನಿ ಮರೆಯಾದರೂ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇವತ್ತಿಗೂ ಬದುಕಿದೆ.

ಸೀಮೆಸುಣ್ಣದ ಗೆರೆ

ಚಕ್ರ ಬಿಚ್ಚಿ, ಟೈರು ಟ್ಯೂಬು ಕಳಚಿ, ಸೀಸದ ತುಂಡುಗಳನ್ನೆಲ್ಲ ಕಿತ್ತು, ತಂತಿ ಬ್ರಷ್ಷಿನಿಂದ ತಿಕ್ಕಿದ ಮೇಲೆ ಮೇಸ್ತ್ರಿ ಕೈಗೆತ್ತಿಕೊಂಡದ್ದು ಸೀಮೆಎಣ್ಣೆ ಬಟ್ಟೆ. ಡಿಸ್ಕಿನ ಬೋಲ್ಟು ತೂತುಗಳ ಸುತ್ತ, ಗಾಳಿಕಿಂಡಿಗಳ ಮೂಲೆಗಳಲ್ಲಿ, ಬೆಸುಗೆಯ ಗುಂಟ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರು. ಆಮೇಲೆ ಒಣಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರು. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಮೆಲ್ಲಗೆ ಒಸರಿ, ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿಸುತ್ತದೆ. ರೈಲ್ವೆ ಕಾರ್ಯಾಗಾರಗಳಲ್ಲಿ ಅಚ್ಚುಗಳ ಬಿರುಕು ಹುಡುಕಲು ಬಳಸುತ್ತಿದ್ದ ಹಳೆಯ ಉಪಾಯ ಇದು. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಪುಡಿ ಬೆಳ್ಳಗೇ ಉಳಿಯಿತು.

ಇನ್ನು ಅಳತೆ. ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಫಿಯಟ್ಟಿನ ಮುಂದಿನ ಹಬ್ಬೊಂದನ್ನು ವೈಸಿಗೆ ಕಚ್ಚಿಸಿಟ್ಟಿದ್ದರು. ಅದರ ಮುಖವನ್ನು ಎಮರಿ ಕಾಗದದಿಂದ ಉಜ್ಜಿ, ನಂತರ ಚಕ್ರ ಕೂರಿಸಿದರು. ಹಬ್ಬಿನ ಮುಖದಲ್ಲಿ ತುಕ್ಕಿನದೋ ಬಣ್ಣದ್ದೋ ಅರ್ಧ ಮಿಲಿಮೀಟರ್ ಚಕ್ಕೆ ಸಿಕ್ಕಿಕೊಂಡರೆ ರಿಮ್ಮಿನ ಅಂಚಿನಲ್ಲಿ ಅದು ಒಂದು ಮಿಲಿಮೀಟರಿಗೂ ಹೆಚ್ಚಿನ ಓಲಾಟವಾಗುತ್ತದೆ. ರಿಮ್ಮು ಹಬ್ಬಿಗಿಂತ ಎರಡು ಪಟ್ಟಿಗೂ ಅಗಲ. ಎಷ್ಟೋ ‘ಸೊಟ್ಟ’ ಚಕ್ರಗಳ ಸೊಟ್ಟ ಇಲ್ಲೇ ಉಜ್ಜಿದರೆ ಹೋಗುತ್ತದಂತೆ.

ಡಯಲ್ ಗೇಜಿನ ಮುಳ್ಳನ್ನು ಬೀಡ್ ಕೂರುವ ಪಟ್ಟಿಗೆ ತಾಗಿಸಿ ಚಕ್ರವನ್ನು ಮೆಲ್ಲಗೆ ತಿರುಗಿಸಿದರು. ಹೊರಬದಿಯಲ್ಲಿ ಮುಳ್ಳು ಅರ್ಧ ಮಿಲಿಮೀಟರ್ ಒಳಗೇ ಆಡಿತು. ಒಳಬದಿಗೆ ಬಂದಾಗ, ವಾಲ್ವಿನಿಂದ ಒಂದು ಗೇಣು ದೂರದಲ್ಲಿ, ಮುಳ್ಳು ಸರಕ್ಕನೆ ಮೂರು ಮಿಲಿಮೀಟರ್ ಇಳಿದು, ಅಂಗೈ ಅಗಲ ದಾಟಿದ ಮೇಲೆ ಏರಿತು. ಸೀಮೆಸುಣ್ಣದಿಂದ ಎರಡು ಗೆರೆ ಎಳೆದರು: ತಗ್ಗು ಎಲ್ಲಿ ಶುರು, ಎಲ್ಲಿ ಮುಗಿಯಿತು. ತಗ್ಗಿನ ಎರಡೂ ಪಕ್ಕ ಸಣ್ಣಗೆ ಉಬ್ಬಿತ್ತು, ಅಲ್ಲಿ ಅಡ್ಡಗೆರೆ. ಉಕ್ಕಿನ ಚಕ್ರದಲ್ಲಿ ಒಂದು ಮಿಲಿಮೀಟರ್ ಆಸುಪಾಸಿನ ತನಕ ಸಹಿಸಬಹುದು ಎಂಬುದು ಸಾಮಾನ್ಯ ಲೆಕ್ಕ. ಇದು ಅದರ ಮೂರು ಪಟ್ಟು.

ಗೇಜು ಇಲ್ಲದವರು ಮನೆಯಲ್ಲೇ ಇಷ್ಟು ಮಾಡಬಹುದು. ಕೈಬ್ರೇಕು ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರ ನೆಲ ಬಿಡುವಷ್ಟು ಎತ್ತಿ, ಜಾಕಿಯನ್ನು ನಂಬದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಒಂದು ಇಟ್ಟಿಗೆಯ ಮೇಲೆ ಪೆನ್ಸಿಲನ್ನು ಕಟ್ಟಿ, ಅದರ ತುದಿ ರಿಮ್ಮಿಗೆ ತಾಗಿಯೂ ತಾಗದ ಹಾಗಿಟ್ಟು ಚಕ್ರ ತಿರುಗಿಸಿ. ಸಂದು ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಎಂದು ಕಣ್ಣೇ ಹೇಳುತ್ತದೆ. ಒಳಬದಿಯ ಅಂಚಿಗೂ ಇದನ್ನೇ ಮಾಡಿ. ಆಮೇಲೆ ಟೈರಿನ ಮೇಲೂ ಮಾಡಿ. ರಿಮ್ಮು ನೇರ, ಟೈರು ಸೊಟ್ಟ ಎಂದಾದರೆ ರಿಮ್ಮಿನ ತಂಟೆಗೆ ಹೋಗಬೇಕಾಗಿಲ್ಲ.

ಬಿಟ್ಟಾಗ ಹಿಂದೆ ಬರುವ ಉಕ್ಕು

ಸೊಟ್ಟ ತೆಗೆಯುವುದು ಎಂದರೆ ಸುತ್ತಿಗೆಯ ಸದ್ದು ಕೇಳಿಸುತ್ತದೆ ಅಂದುಕೊಂಡಿದ್ದೆ. ಮೇಸ್ತ್ರಿ ಸುತ್ತಿಗೆ ಮುಟ್ಟಿದ್ದು ಕೊನೆಗೆ. ಮೊದಲು ಬಂದದ್ದು ಸಣ್ಣ ಹೈಡ್ರಾಲಿಕ್ ಜಾಕಿ. ಅದನ್ನು ರಿಮ್ಮಿನೊಳಗೆ ಅಡ್ಡಲಾಗಿ ಇಟ್ಟು, ಒಂದು ತುದಿಗೆ ಅಗಲವಾದ ಮರದ ದಿಮ್ಮಿ ಕೊಟ್ಟು ಸರಿಯಿದ್ದ ಬದಿಗೆ ಒರಗಿಸಿದರು. ಇನ್ನೊಂದು ತುದಿಗೆ ರಿಮ್ಮಿನ ಬಾಗಿಗೆ ತಕ್ಕಂತೆ ಕೆತ್ತಿದ ಹುಣಸೆಮರದ ತುಂಡಿಟ್ಟು ತಗ್ಗಿನ ಬೆನ್ನಿಗೆ ಕೊಟ್ಟರು. ಅಗಲದ ಮರ ಭಾರವನ್ನು ಹಂಚುತ್ತದೆ. ಇಲ್ಲದಿದ್ದರೆ ಸರಿಯಿದ್ದ ಕಡೆಯೇ ಸೊಟ್ಟಗಾದೀತು.

ಕೈಹಿಡಿ ಒಂದೊಂದೇ ಸಲ ಒತ್ತಿದರು. ಗೇಜಿನ ಪ್ರಕಾರ ತಗ್ಗು ಪೂರ್ತಿ ಮೇಲೆದ್ದಿತು. ಮುಗಿಯಿತು ಅಂದುಕೊಂಡೆ. ಜಾಕಿ ಬಿಟ್ಟ ಕೂಡಲೇ ಮುಳ್ಳು ಮತ್ತೆ ಎರಡು ಮಿಲಿಮೀಟರ್ ಕೆಳಗೆ ಬಂತು. ಉಕ್ಕಿಗೆ ಹಿಂದಿನ ರೂಪಕ್ಕೆ ಮರಳುವ ಗುಣವಿದೆ. ನೇರ ಮಾಡಬೇಕಾದರೆ ನೇರವನ್ನು ದಾಟಿ ಒಂದಿಷ್ಟು ಆಚೆ ತಳ್ಳಿ ಬಿಡಬೇಕು. ಎಷ್ಟು ಆಚೆ ಎಂಬುದೇ ಈ ಕಸುಬಿನ ಗುಟ್ಟು. ಹೆಚ್ಚಾದರೆ ತಗ್ಗಿದ್ದ ಕಡೆ ಉಬ್ಬು ಬರುತ್ತದೆ. ಅದನ್ನು ಮತ್ತೆ ಒತ್ತಬೇಕು. ಹಾಗೆ ಹಿಂದೆ ಮುಂದೆ ಬಾಗಿಸಿದಷ್ಟೂ ಆ ಜಾಗದ ಉಕ್ಕು ಗಡುಸಾಗಿ, ಕೊನೆಗೆ ಸೀಳುತ್ತದೆ. ತಂತಿಯನ್ನು ಅತ್ತಿತ್ತ ಬಾಗಿಸಿ ಮುರಿಯುವುದಿಲ್ಲವೇ, ಹಾಗೆಯೇ. ಅವರು ನಾಲ್ಕು ಸಲ ಒತ್ತಿದರು, ಪ್ರತಿ ಸಲವೂ ಹಿಂದಿನದಕ್ಕಿಂತ ಕೂದಲಷ್ಟು ಹೆಚ್ಚು, ಪ್ರತಿ ಸಲವೂ ಬಿಟ್ಟು ಅಳೆದು. ಪಕ್ಕದ ಸಣ್ಣ ಉಬ್ಬುಗಳಿಗೆ ಮಾತ್ರ ಮರದ ತುಂಡು ಅಡ್ಡ ಕೊಟ್ಟು ಸುತ್ತಿಗೆಯಿಂದ ತಟ್ಟಿದರು. ಕೊನೆಯ ಅಳತೆ 0.6 ಮಿಲಿಮೀಟರ್.

ಗ್ಯಾಸ್ ಯಾಕೆ ಬೇಡ ಎಂದು ಕೇಳಿದೆ. ಕಾಯಿಸಿದರೆ ಉಕ್ಕು ಮೆತ್ತಗಾಗಿ ಬೇಗ ಬಾಗುತ್ತದೆ ನಿಜ. ಆದರೆ ಏಟು ಬಿದ್ದಲ್ಲಿ ತೆಳ್ಳಗಾಗುತ್ತದೆ, ಸುತ್ತಲಿನ ಲೋಹ ಹಿಗ್ಗಿ ಕುಗ್ಗಿ ಬೇರೆ ಕಡೆ ಎಳೆಯುತ್ತದೆ, ಬೆಸುಗೆಯ ಹತ್ತಿರ ಬಿಸಿ ತಾಗಿದರೆ ಅದರ ಬಲ ಕುಂದುತ್ತದೆ. ತಣ್ಣಗೆ ಬಾಗುವಷ್ಟು ತಾಳ್ಮೆ ಇರುವ ಲೋಹಕ್ಕೆ ಬೆಂಕಿ ಬೇಡ ಎಂಬುದು ಅವರ ಉತ್ತರ. ಟೈರು ಇರುವಾಗಲೇ ರಿಮ್ಮಿಗೆ ಬೆಂಕಿ ಹಿಡಿಯುವುದು, ವೆಲ್ಡಿಂಗ್ ಮಾಡುವುದಂತೂ ಜೀವಕ್ಕೆ ಎರವು. ಗಾಳಿ ಬಿಟ್ಟ ಟೈರೂ ಒಳಗೆ ಕಾದು ಅನಿಲ ತುಂಬಿ ಸಿಡಿಯಬಲ್ಲದು.

ಕೈಬಿಡಬೇಕಾದ ಚಕ್ರ

ಎಲ್ಲ ಚಕ್ರವನ್ನೂ ಉಳಿಸಲು ಹೋಗಬಾರದು. ರಿಮ್ಮಿನ ಅಂಚು ಬಾಗಿದ್ದರೆ ತಿದ್ದಬಹುದು. ಡಿಸ್ಕೇ ತಿರುಚಿದ್ದರೆ ತಿದ್ದಬಾರದು. ಕಾರಿನ ಭಾರ, ಬ್ರೇಕಿನ ಎಳೆತ ಎಲ್ಲವೂ ದಾಟಿ ಹೋಗುವುದು ಅದರ ಮೂಲಕ. ಬೋಲ್ಟು ತೂತು ಮೊಟ್ಟೆಯಾಗಿದ್ದರೆ, ಅದರ ಇಳಿಜಾರು ಅಂಚು ಸವೆದಿದ್ದರೆ, ಸುತ್ತ ಒಂದೇ ಒಂದು ಬಿರುಕು ಕಂಡರೆ, ತುಕ್ಕು ತಿಂದು ತಗಡು ಹೊಂಡಹೊಂಡವಾಗಿದ್ದರೆ ಆ ಚಕ್ರ ರಸ್ತೆಗೆ ಇಳಿಯಬಾರದು. ಬಿರುಕಿಗೆ ವೆಲ್ಡಿಂಗ್ ಹಾಕಿ ಗ್ರೈಂಡರಿನಲ್ಲಿ ನಯ ಮಾಡಿ ಬಣ್ಣ ಬಳಿದರೆ ಕಣ್ಣಿಗೆ ಹೊಸದು. ಬೆಸುಗೆಯ ಪಕ್ಕದಲ್ಲೇ ಇನ್ನೊಂದು ಬಿರುಕು ಹುಟ್ಟುವುದು ಯಾರಿಗೂ ಕಾಣುವುದಿಲ್ಲ. ಅದು ಘಾಟಿಯ ತಿರುವಿನಲ್ಲಿ ಕಳಚಿದರೆ ಅಪಾಯ ನಮ್ಮೊಬ್ಬರಿಗೆ ಅಲ್ಲ, ಎದುರು ಬರುವವರಿಗೂ.

ಒಂದು ಸಲ ಬಾಗಿದ್ದನ್ನು ತಿದ್ದು, ಅದೇ ಜಾಗ ಎರಡನೇ ಸಲ ಬಾಗಿದರೆ ಅನುಮಾನಿಸು, ಮೂರನೇ ಸಲಕ್ಕೆ ತೆಗೆದಿಡು. ಇದು ಮೇಸ್ತ್ರಿಯ ಸೂತ್ರ. ತೆಗೆದಿಟ್ಟ ಚಕ್ರ ವ್ಯರ್ಥವೂ ಅಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂಥಲ್ಲಿ ಹಳೆಯ ಕಾರುಗಳ ಸಾಲು ನೋಡಿದವರಿಗೆ ಗೊತ್ತು, ನಿಂತ ಕಾರಿಗೂ ಅದರ ಕಾಲದ ಚಕ್ರವೇ ಚೆಂದ. ಓಡುವ ಕಾರಿಗೆ ಬೇಕಾದದ್ದು ಮಾತ್ರ ಗಟ್ಟಿಯಾದ ಚಕ್ರ. ಗುಜರಿಯಲ್ಲಿ ಬದಲಿ ಹುಡುಕುವಾಗಲೂ ಸೀಮೆಎಣ್ಣೆ, ಸೀಮೆಸುಣ್ಣ, ಗೇಜು, ಈ ಮೂರೂ ಜೊತೆಗಿರಲಿ.

ಕೊನೆಗೆ ತೂಕ

ಆಕಾರ ಸರಿಹೋದ ಮೇಲೆ ತೂಕದ ಸರದಿ. ಹಳೆಯ ಚಕ್ರಗಳು ಹೊಸ ಮಷೀನಿಗೆ ಮೋಸ ಮಾಡುವುದು ಇಲ್ಲೇ. ಬ್ಯಾಲೆನ್ಸಿಂಗ್ ಮಷೀನು ಚಕ್ರದ ನಡುತೂತಿಗೆ ಶಂಕುವಿನಾಕಾರದ ತುಂಡು ತೂರಿಸಿ ಹಿಡಿಯುತ್ತದೆ. ಈಗಿನ ಎಷ್ಟೋ ಕಾರುಗಳಲ್ಲಿ ನಡುತೂತೇ ಹಬ್ಬಿನ ಮೇಲೆ ನಿಖರವಾಗಿ ಕೂತು ಚಕ್ರವನ್ನು ಕೇಂದ್ರಕ್ಕೆ ತರುತ್ತದೆ. ಹಳೆಯ ಚಕ್ರಗಳನ್ನು ಕೇಂದ್ರಕ್ಕೆ ತರುವುದು ಬೋಲ್ಟಿನ ಇಳಿಜಾರು ತಲೆ. ನಡುತೂತು ಹೆಸರಿಗೆ ಒಂದು ತೂತು, ಪೆಟ್ಟು ತಿಂದು ಗುಂಡೂ ಉಳಿದಿರುವುದಿಲ್ಲ. ಅದನ್ನು ನಂಬಿ ಮಷೀನು ಸೊನ್ನೆ ತೋರಿಸಿದರೆ ಆ ಸೊನ್ನೆ ಮಷೀನಿಗೆ ಮಾತ್ರ ನಿಜ. ಕಾರಿಗೆ ಹಾಕಿದ ಮೇಲೆ ಚಕ್ರ ಬೇರೆ ಕೇಂದ್ರದ ಸುತ್ತ ತಿರುಗುತ್ತದೆ. ಬೋಲ್ಟು ತೂತುಗಳಿಂದಲೇ ಚಕ್ರವನ್ನು ಹಿಡಿಯುವ ಫ್ಲಾಂಜ್ ಅಡಾಪ್ಟರ್ ಇದೆಯೇ ಎಂದು ಅಂಗಡಿಯಲ್ಲಿ ಕೇಳಿ. ಇಲ್ಲದಿದ್ದರೆ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕಚ್ಚಿಸಿ ನೋಡಲು ಹೇಳಿ. ಎರಡು ಸಲವೂ ಒಂದೇ ಅಂಕಿ ಬಾರದಿದ್ದರೆ ಆ ಹಿಡಿತ ಸರಿಯಿಲ್ಲ.

ಸೀಸದ ಭಾರ ಹೊರ ಅಂಚಿಗಷ್ಟೇ ಅಲ್ಲ, ಒಳ ಅಂಚಿಗೂ ಬೇಕು. ಮೇಲೆ ಕೆಳಗಿನ ಕುಣಿತವನ್ನು ಒಂದು ಕಡೆಯ ತೂಕ ನಿಲ್ಲಿಸಬಹುದು. ಎಡ ಬಲದ ತೊನೆತ ನಿಲ್ಲಲು ಎರಡೂ ಬದಿ ಹೊಂದಬೇಕು. ಚೆಂದಕ್ಕಾಗಿ ಹೊರಗಡೆ ಏನೂ ಬೇಡ ಎಂದು ಎಲ್ಲವನ್ನೂ ಒಳಗೇ ಅಂಟಿಸುವುದು ಸರಿಯಲ್ಲ. ಒಂದು ಚಕ್ರ 60, 70 ಗ್ರಾಂಗಿಂತ ಹೆಚ್ಚು ಕೇಳಿತೆಂದರೆ ತೂಕ ಹಾಕುವುದನ್ನು ನಿಲ್ಲಿಸಿ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ಸರಿಸಿ ಕೂರಿಸಿ ಮತ್ತೆ ನೋಡಬೇಕು. ಟೈರಿನ ಎತ್ತರದ ಭಾಗ ರಿಮ್ಮಿನ ತಗ್ಗಿಗೆ ಬಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನನ್ನ ಚಕ್ರಕ್ಕೆ ಹಾಗೆ ಮಾಡಿದ ಮೇಲೆ ಬೇಕಾದದ್ದು ಹೊರಗೆ 20 ಗ್ರಾಂ, ಒಳಗೆ 15 ಗ್ರಾಂ.

ಬಣ್ಣದ ವಿಷಯದಲ್ಲೂ ಎಚ್ಚರ. ಹಬ್ಬಿಗೆ ತಾಗುವ ಮುಖಕ್ಕೆ, ಬೋಲ್ಟು ಕೂರುವ ಇಳಿಜಾರಿಗೆ ದಪ್ಪ ಬಣ್ಣವೋ ಪೌಡರ್ ಕೋಟಿಂಗೋ ಬಳಿದರೆ ಅದು ಅದುಮಿಕೊಂಡು ಬೋಲ್ಟು ಸಡಿಲವಾಗುತ್ತದೆ. ಆ ಜಾಗಗಳಿಗೆ ತೆಳ್ಳಗಿನ ಪ್ರೈಮರು ಸಾಕು. ಬೋಲ್ಟುಗಳನ್ನು ಒಂದಕ್ಕೊಂದು ಎದುರಿನದು ಎಂಬ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಪಾನಾದ ಮೇಲೆ ಕಾಲಿಟ್ಟು ತುಳಿಯುವುದು, ಗಾಳಿಯ ಗನ್ನಿನಲ್ಲಿ ಒಂದೇ ಉಸಿರಿಗೆ ಬಿಗಿಯುವುದು ಡಿಸ್ಕನ್ನೇ ತಿರುಚುತ್ತದೆ. 50, 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು.

ಟೈರು ಹಾಕುವ ಮುನ್ನ ಮೇಸ್ತ್ರಿ ಇನ್ನೂ ಒಂದು ಕೆಲಸ ಮಾಡಿದರು. ಸಣ್ಣ ಕುಂಚ ತೆಗೆದು, ಡಿಸ್ಕಿನ ಹಿಂಬದಿಯಲ್ಲಿ, ಯಾರಿಗೂ ಕಾಣದ ಕಡೆ, ಬಿಳಿ ಬಣ್ಣದಲ್ಲಿ ಅವತ್ತಿನ ತಾರೀಖು ಬರೆದರು. ಅದರ ಕೆಳಗೆ ‘ಒಳ ಅಂಚು, 3ರಿಂದ 0.6’. ಪಕ್ಕದಲ್ಲಿ ಪೆಟ್ಟು ಬಿದ್ದ ಜಾಗಕ್ಕೆ ಒಂದು ಬಾಣದ ಗುರುತು. ಇದು ಯಾರಿಗೆ ಎಂದು ಕೇಳಿದ್ದಕ್ಕೆ, ಮುಂದೆ ಇದನ್ನು ಬಿಚ್ಚುವವನಿಗೆ ಅಂದರು. ಈ ಚಕ್ರ ಒಂದು ಸಲ ಬಾಗಿ ಎದ್ದಿದೆ ಎಂಬುದು ಅವನಿಗೆ ಗೊತ್ತಿರಬೇಕು.

ಅದೇ ವಾರ ಮತ್ತೆ ಹುಣಸೂರಿನ ದಾರಿ ಹಿಡಿದೆ. 65, 75, 80. ಕನ್ನಡಕ ಇಟ್ಟಲ್ಲೇ ಇತ್ತು.